ಅಧಿಕ ಮಾಸವಿಲ್ಲದ ಉಪವಾಸ

ನಮ್ಮ ಚಾಮರಾಜನಗರ ಸೀಮೆಗೆ ಉಪವಾಸ ಹೊಸದಲ್ಲ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ಕೇಳಿ. ಆದರೆ ಶಿವರಾತ್ರಿ ಪ್ರತಿವರ್ಷ ಚಳಿ ಮುಗಿಯುವ ಹೊತ್ತಿಗೇ ಬರುತ್ತದೆ. ರಂಜಾನ್ ಹಾಗಲ್ಲ. 2016ರಲ್ಲಿ ಗುಂಡ್ಲುಪೇಟೆಯ ಮುಸ್ಲಿಮರು ರೋಜಾ ಹಿಡಿದದ್ದು ಜೂನ್ ತಿಂಗಳ ಮುಂಗಾರಿನಲ್ಲಿ. 2025ರಲ್ಲಿ ಮಾರ್ಚ್ ಬಿಸಿಲಿನಲ್ಲಿ, ಇಲ್ಲಿ ಅರಿಸಿನ ಬೇಯಿಸುವ ಕಾಲದಲ್ಲಿ.

ಇಸ್ಲಾಂಗೆ ಮುಂಚಿನ ಅರಬರು ಚಾಂದ್ರ ವರ್ಷಕ್ಕೆ ಆಗಾಗ ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಿದ್ದರು ಎನ್ನುತ್ತಾರೆ ಇತಿಹಾಸಕಾರರು. ತಿಂಗಳುಗಳನ್ನು ಹಾಗೆ ಮುಂದೂಡುವುದನ್ನು ಕುರಾನಿನ 9ನೇ ಅಧ್ಯಾಯ ತಡೆಯಿತು. ಅಲ್ಲಿಂದ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಈ ಸೀಮೆಯನ್ನಾಳಿದ ಟಿಪ್ಪು ಸುಲ್ತಾನನಿಗೂ ಈ ಲೆಕ್ಕ ಎದುರಾಯಿತು. ಸುಗ್ಗಿಯ ಜೊತೆ ಸಾಗದ ವರ್ಷದಲ್ಲಿ ಕಂದಾಯ ಎತ್ತುವುದು ಕಷ್ಟ. ಆತ ಆಡಳಿತಕ್ಕೆ ತಂದ ಮೌಲೂದಿ ಪಂಚಾಂಗದಲ್ಲಿ ಅಧಿಕ ಮಾಸವಿತ್ತು, ನಮ್ಮ 60 ಸಂವತ್ಸರಗಳಂಥ ಚಕ್ರವೂ ಇತ್ತು. ನಾಣ್ಯಗಳ ಮೇಲೂ ಅದೇ ವರ್ಷ ಬಿತ್ತು. ಆದರೆ ರೋಜಾಕ್ಕೆ ಸುಲ್ತಾನನ ಲೆಕ್ಕ ಸಾಲದು, ಚಂದ್ರ ಕಾಣಬೇಕು. ಈಗಲೂ ಕೇರಳದ ಕರಾವಳಿಯಲ್ಲಿ ಮೊದಲು ಚಂದ್ರ ಕಂಡ ವರ್ಷ ವಯನಾಡಿನಲ್ಲಿ ಒಂದು ದಿನ ಮುಂಚೆ ರೋಜಾ. ಬಂಡೀಪುರ ಕಾಡಿನ ಈಚೆ, ಗುಂಡ್ಲುಪೇಟೆಯಲ್ಲಿ, ಮಾರನೆಯ ದಿನ.

ರಂಜಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ. ಮುಂಚಿನ ಜನರಿಗೂ ಇದನ್ನು ವಿಧಿಸಲಾಗಿತ್ತು ಎನ್ನುವ ಕುರಾನ್, ಉದ್ದೇಶವನ್ನು ಒಂದೇ ಮಾತಿನಲ್ಲಿ ಹೇಳುತ್ತದೆ: ತಕ್ವಾ. ದೇವರು ನೋಡುತ್ತಿದ್ದಾನೆಂಬ ಎಚ್ಚರ ಎಂದು ಅದನ್ನು ಬಿಡಿಸಿ ಹೇಳಬಹುದು. ತೋಟದಲ್ಲಿ ಕೂಲಿ ಮಾಡುವವನು ಬೋರ್‌ವೆಲ್ ನೀರನ್ನು ಯಾರಿಗೂ ಕಾಣದಂತೆ ಕುಡಿಯಬಹುದು. ಕುಡಿಯುವುದಿಲ್ಲ. ಈ ಗುಟ್ಟು ಅವನಿಗೂ ದೇವರಿಗೂ ಮಾತ್ರ ಗೊತ್ತು. ಸುಳ್ಳು ಬಿಡದವನು ಅನ್ನ ನೀರು ಬಿಟ್ಟು ಫಲವಿಲ್ಲ ಎಂಬ ಅರ್ಥದ ಹದೀಸೂ ಇದೆ. ಸಮೋಸ, ಹಲೀಮ್ ಫೋಟೊಗಳಲ್ಲೇ ರಂಜಾನ್ ಮುಗಿಸುವ ಪತ್ರಿಕೆಗಳಲ್ಲಿ ಇದಕ್ಕೆ ಜಾಗ ಸಿಗುವುದು ಕಡಿಮೆ.

ಹಸಿವನ್ನು ಹಠವಾಗಿಸುವುದೂ ಇಲ್ಲಿನ ಉದ್ದೇಶವಲ್ಲ ಎಂದು ನಮಗನ್ನಿಸುತ್ತದೆ. ಕಾಯಿಲೆಯವರು, ಪ್ರಯಾಣದಲ್ಲಿರುವವರು ಬಿಟ್ಟ ದಿನಗಳನ್ನು ಆಮೇಲೆ ತುಂಬಿಸಬಹುದು. ಎಂದಿಗೂ ಆಗದ ವೃದ್ಧರು ಪ್ರತಿ ದಿನಕ್ಕೆ ಒಬ್ಬ ಬಡವನಿಗೆ ಊಟ ಹಾಕಬೇಕು, ಅದು ಫಿದ್ಯಾ. ಹಬ್ಬದ ನಮಾಜಿಗೆ ಮುಂಚೆಯೇ ಫಿತ್ರಾ ಕೊಡಬೇಕು, ಬಡವರ ಮನೆಯಲ್ಲೂ ಅಂದು ಒಲೆ ಉರಿಯಲೆಂದು.

ಈಗ ರಂಜಾನ್ ಮತ್ತೆ ಚಳಿಗಾಲದತ್ತ ಹೊರಟಿದೆ. 2030ರಲ್ಲಿ ಅದು ಎರಡು ಸಲ ಶುರುವಾಗಲಿದೆ: ಜನವರಿಯ ಮೊದಲಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ.