ರೇಡಿಯೊ ಪಳಗಿಸಿದ ಕಿವಿ, ಅದಕ್ಕೊಪ್ಪುವ ಸ್ಪೀಕರು



“ಮೇಷ್ಟ್ರೇ, ಹಾಡು ಕೇಳಲು ಒಳ್ಳೆಯ ಸ್ಪೀಕರು ಯಾವುದು?” ಎಂದು ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದುಂಟು. ಕಂಪನಿಯ ಹೆಸರೊಂದನ್ನು ಹೇಳಿ ಈ ಪ್ರಶ್ನೆಯನ್ನು ಮುಗಿಸಬಹುದು. ಆದರೆ ನಮ್ಮ ಕಿವಿ ಯಾವ ಸದ್ದಿನಲ್ಲಿ ಬೆಳೆಯಿತು ಎಂಬ ಚರಿತ್ರೆಯನ್ನು ಅರಿಯದೆ, ಅದಕ್ಕೆ ಒಪ್ಪುವ ಸ್ಪೀಕರನ್ನು ಆರಿಸುವುದು ಕಷ್ಟವೆಂದು ನನ್ನ ಅಭಿಪ್ರಾಯ.

‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಬಂದದ್ದೇ ನಮ್ಮ ನಾಡಿನಲ್ಲಿ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ನಮ್ಮ ಜಿಲ್ಲೆಗೆ ಆ ಭಾಗ್ಯ ಒದಗಿದ್ದು 1965ರಲ್ಲಿ, ಭದ್ರಾವತಿ ಕೇಂದ್ರದ ಮೂಲಕ. 675 ಕಿಲೋಹರ್ಟ್ಸಿನ ಆ ಮಧ್ಯಮ ತರಂಗವೇ ಶಿವಮೊಗ್ಗ, ಭದ್ರಾವತಿಗಳ ನನ್ನ ತಲೆಮಾರಿನವರ ಮೊದಲ ಸಂಗೀತಶಾಲೆ. 1980ರ ದಶಕದಲ್ಲಿ ರದ್ದಾಗುವವರೆಗೂ ರೇಡಿಯೊಗೆ ಪರವಾನಗಿ ಬೇಕಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕ ನವೀಕರಿಸಿಕೊಂಡು ಬರುವುದು ಮನೆಯ ಯಜಮಾನರ ಕರ್ತವ್ಯಗಳಲ್ಲೊಂದಾಗಿತ್ತು.

ಮನುಷ್ಯನ ಕಿವಿ ಸುಮಾರು 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳಬಲ್ಲದು. ಮಧ್ಯಮ ತರಂಗದ ರೇಡಿಯೊದಲ್ಲಿ ಸುಮಾರು 5,000 ಹರ್ಟ್ಸಿನ ಮೇಲಿನದು ನಮಗೆ ತಲುಪುತ್ತಿದ್ದುದು ವಿರಳ. ತಾಳದ ಝಣತ್ಕಾರ, ತಂಬೂರಿಯ ಮೇಲಿನ ಮಿನುಗು ದಾರಿಯಲ್ಲೇ ಉದುರಿಹೋಗುತ್ತಿದ್ದವು. ಉಳಿಯುತ್ತಿದ್ದುದು ಕಂಠ ಮತ್ತು ಮಾತು. ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಆ ಕಂಠಕ್ಕೆ ತನ್ನದೊಂದು ಮೃದುತ್ವವನ್ನು ಸೇರಿಸುತ್ತಿತ್ತು. ನಮ್ಮ ಕಿವಿಗೆ ‘ಇಂಪು’ ಎಂಬುದರ ಅರ್ಥ ಅದೇ ಆಯಿತು.

ಮುಂದೆ ಕ್ಯಾಸೆಟ್ ಬಂತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಹೊರಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಯಿತು. ಅದರ ಕವಿ ನಿಸಾರ್ ಅಹಮದ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ‘ಕಾಡುಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರಂತೂ ನಮ್ಮ ಜಿಲ್ಲೆಯ ಹೆಮ್ಮೆ. ಸುಗಮ ಸಂಗೀತದಲ್ಲಿ ಕವಿಯ ಶಬ್ದ ಕೇಳಿಸದಿದ್ದರೆ ಅರ್ಧ ಹಾಡು ಹೋದಂತೆಯೇ ಸರಿ.

ಹಾಗೆಂದು ಎಲ್ಲರ ರುಚಿಯೂ ಒಂದೇ ಆಗಿರಲಿಲ್ಲ. ಟೇಪ್ ರೆಕಾರ್ಡರಿನ ತಂತಿ ಎಳೆದು, ಬಿಡಿ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ, ‘ಗುಂ’ ಎನ್ನುವ ಸದ್ದಿಗೆ ಹಿಗ್ಗುತ್ತಿದ್ದ ಹುಡುಗರನ್ನು ನೀವೂ ಕಂಡಿರಬಹುದು. ಮಡಕೆಯೊಳಗಿನ ಗಾಳಿ ತನ್ನ ಗಾತ್ರಕ್ಕೆ ತಕ್ಕ ಒಂದು ಮಂದ್ರಸ್ವರದಲ್ಲಿ ಅನುರಣಿಸುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಆಗುವುದೂ ಇದೇ. ತಮ್ಮ ಕಿವಿಗೆ ಬೇಕಾದುದನ್ನು ತಾವೇ ಹುಡುಕಿಕೊಂಡ ಆ ಹುಡುಗರ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ.

ಸ್ಪೀಕರಿನ ರಚನೆ ಬಹಳ ಸರಳ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕು. ವಿದ್ಯುತ್ತು ಹರಿದಂತೆ ಸುರುಳಿ ಹಿಂದಕ್ಕೂ ಮುಂದಕ್ಕೂ ಚಲಿಸಿ, ಶಂಕು ಗಾಳಿಯನ್ನು ತಳ್ಳುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ವಿವರಿಸಿದ ಈ ಮಾದರಿಯೇ ಇಂದಿಗೂ ಬಹುತೇಕ ಸ್ಪೀಕರುಗಳ ತಳಹದಿ. ಶಂಕು ಬಹುಕಾಲ ಕಾಗದದ್ದೇ ಆಗಿತ್ತು, ಇಂದೂ ಎಷ್ಟೋ ಸ್ಪೀಕರುಗಳಲ್ಲಿ ಹಾಗೇ ಇದೆ. ಅಂದರೆ ಸ್ಪೀಕರೆಂಬುದು ಮುಖ್ಯವಾಗಿ ಕಬ್ಬಿಣ ಮತ್ತು ಕಾಗದ! 1923ರಲ್ಲಿ ಕಬ್ಬಿಣ ತಯಾರಿಸತೊಡಗಿ, 1936ರಲ್ಲಿ ಕಾಗದದ ಕಂಪನಿಯನ್ನೂ ಪಡೆದ ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆಯ್ಕೆಯ ವಿಷಯಕ್ಕೆ ಬರೋಣ. ಭದ್ರಾವತಿಯ ಹಳೆಯ ಚಿಕ್ಕ ಮನೆಯೊಂದರಲ್ಲಿರುವ ನನ್ನ ಅಕ್ಕನಿಗೆ ಎಂಬತ್ತರ ಹತ್ತಿರ. ಮೊಮ್ಮಗ ಪ್ರೀತಿಯಿಂದ ಆಳೆತ್ತರದ ಜೋಡಿ ಸ್ಪೀಕರು ತಂದು ನಡುಮನೆಯ ಮೂಲೆಗಳಲ್ಲಿ ನಿಲ್ಲಿಸಿದ. ಕೆಲವೇ ದಿನಗಳಲ್ಲಿ ಅಕ್ಕ ಹಾಡು ಕೇಳುವುದನ್ನೇ ಬಿಟ್ಟಳು. ಕಾರಣ ಕೇಳಿದರೆ, “ಸದ್ದೇನೋ ಬರುತ್ತೆ ಕಣೋ, ಮಾತೇ ಕೇಳಿಸಲ್ಲ” ಎಂದಳು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಾಂಕಗಳನ್ನು. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಮೂಲೆಯಲ್ಲಿಟ್ಟ ಸ್ಪೀಕರಿನ ಮಂದ್ರವನ್ನು ಗೋಡೆಗಳು ಇಮ್ಮಡಿಸುತ್ತವೆ. ಆ ಗುಡುಗಿನಲ್ಲಿ ಉಳಿದ ಮಾತೂ ಮುಳುಗುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಎರಡು ಅಡಿ ಈಚೆಗೆ ತಂದು, ಅಕ್ಕ ಕೂರುವ ಕುರ್ಚಿಯತ್ತ ತಿರುಗಿಸಿ, ಗಾರೆ ನೆಲಕ್ಕೊಂದು ಜಮಖಾನ ಹಾಸಿದೆವು. ದುಡ್ಡು ಖರ್ಚಾಗಲಿಲ್ಲ; ಅಕ್ಕನಿಗೆ ಹಾಡಿನ ಮಾತು ಮರಳಿ ಬಂತು.

ಅಂಗಡಿಯಲ್ಲಿ ಕಣ್ಣು ಕಿವಿಯನ್ನು ಆಳುತ್ತದೆ ಎಂಬುದನ್ನೂ ಮರೆಯಬಾರದು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ತಜ್ಞರು ಒಂದು ಪರೀಕ್ಷೆ ಪ್ರಕಟಿಸಿದರು. ಅದೇ ಸ್ಪೀಕರುಗಳನ್ನು ಕಣ್ಣಿಗೆ ಕಾಣುವಂತೆ ಇಟ್ಟಾಗ ಒಂದು ತೀರ್ಪು, ಪರದೆಯ ಹಿಂದೆ ಇಟ್ಟಾಗ ಬೇರೊಂದು ತೀರ್ಪು! ಗಾತ್ರ, ಬೆಲೆ, ಹೆಸರುಗಳು ಕೇಳುಗರ ಮನಸ್ಸನ್ನು ಅಷ್ಟು ವಾಲಿಸಿದ್ದವು. ಇನ್ನೊಂದು ಸಂಗತಿಯೆಂದರೆ, ತುಸು ಜೋರಾಗಿ ನುಡಿಯುವ ಸ್ಪೀಕರೇ ಮೇಲೆಂದು ಕಿವಿಗೆ ತೋರುತ್ತದೆ. ಆದ್ದರಿಂದ ಹೋಲಿಸುವಾಗ ಎರಡರ ಸದ್ದೂ ಸಮವಾಗಿರಲಿ.

ನನ್ನ ಸಲಹೆ ಇಷ್ಟೇ. ನಿಮಗೆ ಬಾಯಿಪಾಠವಾಗಿರುವ ಮೂರು ಹಾಡುಗಳನ್ನು ಜೊತೆಯಲ್ಲಿ ಒಯ್ಯಿರಿ. ಒಂದರಲ್ಲಿ ಬರಿಯ ಕಂಠವಿರಲಿ, ಒಂದರಲ್ಲಿ ಮೃದಂಗವೋ ತಬಲವೋ ಇರಲಿ, ಒಂದು ಹಳೆಯ ಧ್ವನಿಮುದ್ರಿಕೆಯಾಗಿರಲಿ. ಕಣ್ಣು ಮುಚ್ಚಿ ಕುಳಿತು, ಬೇರೊಬ್ಬರಿಂದ ಸ್ಪೀಕರು ಬದಲಿಸಿಸಿ, ಅವಸರವಿಲ್ಲದೆ ಕೇಳಿರಿ. ಗಾಯಕನ ಮಾತು ತಿಳಿಯುತ್ತಿದೆಯೇ? ಅರ್ಧ ಗಂಟೆಯ ನಂತರವೂ ಕಿವಿ ದಣಿಯಲಿಲ್ಲವೇ? ಹಾಗಿದ್ದರೆ ಅದು ನಿಮ್ಮದು. ಬೆಲೆ ಕಡಿಮೆಯೆಂದು ಸಂಕೋಚ ಬೇಡ. ಮಡಕೆಯ ‘ಗುಂ’ ಸದ್ದೇ ಇಷ್ಟವಾದರೆ ಅದೂ ತಪ್ಪಲ್ಲ. ಆದರೆ ಮನೆಯಲ್ಲಿ ಹಿರಿಯರಿದ್ದರೆ, ಕೊಳ್ಳುವ ಮುನ್ನ ಅವರನ್ನೂ ಒಮ್ಮೆ ಕೂರಿಸಿ ಕೇಳಿಸಿ. ಅವರ ಕಿವಿಗೆ ಉಳಿದಿರುವ ಸಂಗೀತ ನಿಮ್ಮದಕ್ಕಿಂತ ಕಡಿಮೆ. ಅದನ್ನು ಕಾಪಾಡುವ ಹೊಣೆ ನಿಮ್ಮದು.