ಮೆಹರ್: ವಧುವಿಗೇ ಸಲ್ಲುವ ಹಕ್ಕು

ಇಸ್ಲಾಮಿನಲ್ಲಿ ವಿವಾಹವು, ಅಂದರೆ ನಿಕಾಹ್, ಒಂದು ಒಪ್ಪಂದ. ವರನು ವಧುವಿಗೆ ಕೊಡಬೇಕಾದ ಹಣ ಅಥವಾ ಸ್ವತ್ತೇ ಮೆಹರ್. ಕನ್ನಡ ನಾಡಿನ ಹಲವು ಸಮುದಾಯಗಳಲ್ಲಿ ಹಿಂದೆ ಹೆಣ್ಣಿನ ತಂದೆಗೆ ಸಲ್ಲುತ್ತಿದ್ದ ‘ತೆರ’ದೊಂದಿಗೆ ಇದನ್ನು ನಾವು ಬೆರೆಸಬಾರದು. ಮೆಹರ್ ವಧುವಿನ ಸ್ವಂತ ಸ್ವತ್ತು; ಕುರ್‌ಆನಿನ 4ನೆಯ ಅಧ್ಯಾಯ ‘ಅನ್ನಿಸಾ’ದ 4ನೆಯ ವಚನವು ಹಾಗೆಂದೇ ವಿಧಿಸುತ್ತದೆ.

ಮೆಹರಿನಲ್ಲಿ ಎರಡು ಬಗೆ. ಪತ್ನಿ ಕೇಳಿದೊಡನೆ ಕೊಡಬೇಕಾದುದು ಒಂದು. ವಿಚ್ಛೇದನವಾದಾಗ ಅಥವಾ ಪತಿ ತೀರಿಕೊಂಡಾಗ ಸಲ್ಲಬೇಕಾದುದು ಇನ್ನೊಂದು. ಮೃತ ಪತಿಯು ಉಳಿಸಿಹೋದ ಮೆಹರ್ ಸಾಲವೆಂದೇ ಗಣಿತವಾಗುತ್ತದೆ. ಅದನ್ನು ತೀರಿಸಿದ ಬಳಿಕವೇ ಆಸ್ತಿಯ ಹಂಚಿಕೆ. ಆಸ್ತಿಯಲ್ಲಿ ಆಕೆಯ ಪಾಲು ಬೇರೆಯೇ ಇದೆ.

ಭಾರತದಲ್ಲಿ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯಿದೆಯಂತೆ, ಪತಿಯ ಸುಳಿವು 4 ವರ್ಷ ಸಿಗದಿದ್ದರೆ ಅಥವಾ ಅವನು 2 ವರ್ಷ ಜೀವನಾಂಶ ಕೊಡದಿದ್ದರೆ ಪತ್ನಿಯು ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದು. ಇದರಿಂದ ಆಕೆಯ ಮೆಹರಿಗೆ ಧಕ್ಕೆಯಿಲ್ಲ.

ಆದರೂ ಎಷ್ಟೋ ಮನೆಗಳಲ್ಲಿ ಮೆಹರ್ ಕಾಗದದಲ್ಲೇ ಉಳಿಯುತ್ತದೆ. ಪತಿಯ ಅಂತ್ಯಕಾಲದಲ್ಲಿ ಪತ್ನಿಯಿಂದ ಅದನ್ನು ಮನ್ನಾ ಮಾಡಿಸುವ ರೂಢಿಯೂ ಉಂಟು. ಸ್ವ‌ಇಚ್ಛೆಯಿಂದಲ್ಲದ ಮನ್ನಾ ಸಿಂಧುವಲ್ಲ. ಆದುದರಿಂದ ನಿಕಾಹ್‌ನಾಮೆಯಲ್ಲಿ ಮೆಹರಿನ ಮೊತ್ತವೂ ಅದನ್ನು ಕೊಡಬೇಕಾದ ಕಾಲವೂ ಸ್ಪಷ್ಟವಾಗಿರಬೇಕೆಂದು ನಾವು ಭಾವಿಸುತ್ತೇವೆ.