‘ಸಾಕು’ ಅನ್ನುವ ಜಾಗ: ಒಂದು ತಪ್ಪು ಲೆಕ್ಕದ ಇತಿಹಾಸ

ಊರಲ್ಲಿ ಬಾಳೆಎಲೆ ಊಟಕ್ಕೆ ಕೂತಿದ್ದು ನಿಮಗೆ ನೆನಪಿದೆಯಾ? ಬಡಿಸುವವರು ಪಾಯಸದ ಸೌಟು ಹಿಡ್ಕೊಂಡು ಬಂದು “ಇನ್ನೊಂದ್ ಸ್ವಲ್ಪ” ಅಂತಾರೆ. ನೀವು ಎಲೆಗೆ ಎರಡೂ ಕೈ ಅಡ್ಡ ಹಿಡಿದು “ಸಾಕು, ಸಾಕು” ಅಂತೀರಿ. ಆ ‘ಸಾಕು’ ಎಲ್ಲಿಂದ ಬರುತ್ತೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಹೊಟ್ಟೆಯಿಂದ ಅಂತ ನಾನೂ ಅಂದುಕೊಂಡಿದ್ದೆ. ಅದು ನನ್ನ ತಪ್ಪು ಅಂತ ಗೊತ್ತಾಗಿದ್ದು ಇಲ್ಲಿ ಜರ್ಮನಿಯಲ್ಲಿ, ಒಂದು ರಾಜ್ಯೋತ್ಸವದ ದಿನ.

ಬಾಡಿಗೆ ಹಾಲ್, ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದಿದ್ದರು. ನಾನು ಬಿಸಿಬೇಳೆಬಾತ್ ಬಡಿಸುತ್ತಿದ್ದೆ. ಗೆಳೆಯನ ಮಗಳು, ಹನ್ನೊಂದು ವರ್ಷದವಳು, ಮೂರನೇ ಸಲ ತಟ್ಟೆ ಹಿಡಿದು ಬಂದಳು. ದಪ್ಪಗಿದ್ದ ಹುಡುಗಿ. ನಾನು ತಮಾಷೆಗೆ “ಏನ್ ಪುಟ್ಟಿ, ಇನ್ನೂ ಹಸಿವಾ? ಒಂದ್ ರೌಂಡ್ ಓಡಿ ಬಾ, ಆಮೇಲೆ ಕೊಡ್ತೀನಿ” ಅಂದೆ. ಸುತ್ತ ಇದ್ದವರು ನಕ್ಕರು. ಅವಳು ತಟ್ಟೆ ಅಲ್ಲೇ ಇಟ್ಟು ಹೋದಳು. ಪಾತ್ರೆ ತೊಳೆಯುವಾಗ ಗೆಳೆಯ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: “ಅವಳಿಗೆ ಆರು ವರ್ಷ ಇದ್ದಾಗ ಬ್ರೈನ್ ಟ್ಯೂಮರ್ ಆಪರೇಷನ್ ಆಯ್ತು ಕಣೋ. ಜೀವ ಉಳೀತು. ಆದ್ರೆ ಸಾಕು ಅನ್ನೋ ಜಾಗಾನೇ ಹೋಯ್ತು.”

ನಾನು ವೃತ್ತಿಯಲ್ಲಿ ಡೇಟಾ ಸೈಂಟಿಸ್ಟ್, ಡಾಕ್ಟರ್ ಅಲ್ಲ. ಆದರೆ ಆ ರಾತ್ರಿಯಿಂದ ಓದಲು ಶುರು ಮಾಡಿದೆ. ಓದುತ್ತಾ ಹೋದ ಹಾಗೆ ತಿಳಿದದ್ದು ಏನೆಂದರೆ, ನಾನು ಆ ಮಗುವಿಗೆ ಹೇಳಿದ ಮಾತನ್ನು ಜಗತ್ತು ಇಂಥ ಮಕ್ಕಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೇಳುತ್ತಲೇ ಬಂದಿದೆ. ಅದರ ಕಥೆ ಇದು.

ವಿಯೆನ್ನಾದ ಹುಡುಗ

1900ರಲ್ಲಿ ಪ್ಯಾರಿಸ್‌ನ ನರರೋಗ ತಜ್ಞ ಜೋಸೆಫ್ ಬಾಬಿನ್ಸ್ಕಿ ಹದಿನೇಳು ವರ್ಷದ ಒಬ್ಬ ಹುಡುಗಿಯ ಬಗ್ಗೆ ಬರೆದರು. ಅವಳ ಮಿದುಳಿನ ತಳದಲ್ಲಿ ಗಡ್ಡೆ ಇತ್ತು. ಮೈ ದಪ್ಪಗಾಗಿತ್ತು, ಆದರೆ ದೇಹ ಪ್ರಾಯಕ್ಕೆ ಬಂದಿರಲಿಲ್ಲ. ಮರುವರ್ಷ, 1901ರಲ್ಲಿ, ವಿಯೆನ್ನಾದ ಯುವ ವೈದ್ಯ ಆಲ್ಫ್ರೆಡ್ ಫ್ರೋಲಿಷ್ ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ವರದಿ ಮಾಡಿದರು. ತಲೆನೋವು, ಮಂಜಾಗುತ್ತಿದ್ದ ಕಣ್ಣು, ಬೇಗ ಬೇಗ ಏರಿದ ತೂಕ. ಇಬ್ಬರ ಮಾತೂ ಒಂದೇ ಕಡೆ ಬೆರಳು ತೋರಿಸುತ್ತಿತ್ತು: ಪಿಟ್ಯುಟರಿ ಗ್ರಂಥಿಯ ಹತ್ತಿರ ಏನೋ ಆಗಿದೆ.

ಈ ಹುಡುಗನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1907ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಆಂಟನ್ ಫಾನ್ ಐಸೆಲ್ಸ್‌ಬರ್ಗ್ ಮೂಗಿನ ದಾರಿಯಿಂದ ಹೋಗಿ ಅವನ ಗಡ್ಡೆಗೆ ಆಪರೇಷನ್ ಮಾಡಿದರು. ಆ ಕಾಲದಲ್ಲಿ ಇದು ಎಂಥ ಸಾಹಸ ಅಂತ ಊಹಿಸಿ. ಎಂ.ಆರ್.ಐ. ಇಲ್ಲ, ಆಂಟಿಬಯಾಟಿಕ್ ಇಲ್ಲ. ಆದರೂ ಅವನು ಬದುಕಿದ, ತಲೆನೋವು ಇಳಿಯಿತು.

ಈಗ ತಪ್ಪು ಲೆಕ್ಕ ಎಲ್ಲಿ ಶುರುವಾಯಿತು ನೋಡಿ. ಗಡ್ಡೆ ಪಿಟ್ಯುಟರಿ ಪಕ್ಕದಲ್ಲಿದೆ, ಹಾಗಾಗಿ ದಪ್ಪಗಾಗಲು ಪಿಟ್ಯುಟರಿಯೇ ಕಾರಣ ಅಂತ ಬಹಳಷ್ಟು ಜನ ನಂಬಿದರು. ಅದೇ ವಿಯೆನ್ನಾದಲ್ಲಿದ್ದ ಜೇಕಬ್ ಎರ್ಡ್‌ಹೈಮ್ ಒಪ್ಪಲಿಲ್ಲ. ಅವರು ರೋಗಶಾಸ್ತ್ರಜ್ಞ, ಸತ್ತವರ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು. 1904ರಲ್ಲಿ ಅವರು ಹೇಳಿದ್ದು: ಕೆಲವರಲ್ಲಿ ಪಿಟ್ಯುಟರಿ ಚೆನ್ನಾಗೇ ಇದೆ, ಹಾಳಾಗಿರುವುದು ಅದರ ಮೇಲಿರುವ ಮಿದುಳಿನ ತಳ. ಎರಡು ಸಂಗತಿ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ ಅನ್ನೋದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಎರ್ಡ್‌ಹೈಮ್ ಅದನ್ನು ಕಂಪ್ಯೂಟರ್ ಇಲ್ಲದೆ ಮಾಡಿ ತೋರಿಸಿದ್ದರು. ಆದರೆ ಅವರ ಮಾತು ಒಪ್ಪಿಗೆಯಾಗಲು ದಶಕಗಳೇ ಬೇಕಾದವು.

ಆ ಜಾಗದ ಹೆಸರು ಹೈಪೋಥಲಾಮಸ್. ಬಾದಾಮಿಯಷ್ಟು ಗಾತ್ರ, ತೂಕ ಸುಮಾರು 4 ಗ್ರಾಂ. ಹಸಿವು, ಬಾಯಾರಿಕೆ, ನಿದ್ದೆ, ಮೈಯ ಬಿಸಿ ಎಲ್ಲದರ ಮೇಲ್ವಿಚಾರಣೆ ಇದರದ್ದು. ಕಣ್ಣಿನ ನರಗಳು ಇದರ ಕೆಳಗೇ ಹಾದು ಹೋಗುತ್ತವೆ. ಅದಕ್ಕೇ ಆ ಹುಡುಗನ ಕಣ್ಣು ಮಂಜಾಗಿದ್ದು. ಇಲ್ಲಿ ಮಕ್ಕಳಲ್ಲಿ ಬೆಳೆಯುವ ಒಂದು ಗಡ್ಡೆಗೆ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1932ರಲ್ಲಿ ಕ್ರೇನಿಯೋಫ್ಯಾರಿಂಜಿಯೋಮ ಅಂತ ಹೆಸರಿಟ್ಟರು. ಇದು ಕ್ಯಾನ್ಸರ್ ಅಲ್ಲ, ಬಹಳ ಅಪರೂಪ ಕೂಡ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಆದರೆ ಕೂತಿರುವ ಜಾಗ ಕೆಟ್ಟದ್ದು.

ಇಲಿಗಳು ಹೇಳಿದ ಸತ್ಯ

1940ರಲ್ಲಿ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಅನ್ನುವವರು ಇಲಿಗಳ ಪಿಟ್ಯುಟರಿಯನ್ನು ಮುಟ್ಟದೆ, ಹೈಪೋಥಲಾಮಸ್‌ನಲ್ಲಿ ಮಾತ್ರ ಸಣ್ಣ ಗಾಯ ಮಾಡಿದರು. ಇಲಿಗಳು ಉರುಟು ಚೆಂಡಿನಂತಾದವು. ಎರ್ಡ್‌ಹೈಮ್ ಹೇಳಿದ್ದೇ ಸರಿ ಅಂತ ಆಯಿತು.

ಇಲ್ಲಿ ನಮ್ಮ ದೇಶದವರೊಬ್ಬರು ಬರುತ್ತಾರೆ. ಲಾಹೋರ್‌ನಲ್ಲಿ ಹುಟ್ಟಿದ ಬಾಲಕೃಷ್ಣ ಆನಂದ್ ಅಮೆರಿಕಕ್ಕೆ ಫೆಲೋಶಿಪ್ ಮೇಲೆ ಹೋಗಿ, 1951ರಲ್ಲಿ ಯೇಲ್‌ನಲ್ಲಿ ಜಾನ್ ಬ್ರೋಬೆಕ್ ಜೊತೆ ಇದರ ಇನ್ನೊಂದು ಮುಖ ಕಂಡುಹಿಡಿದರು. ಹೈಪೋಥಲಾಮಸ್‌ನ ಎರಡೂ ಪಕ್ಕದ ಭಾಗಕ್ಕೆ ಗಾಯವಾದರೆ, ಎದುರಿಗೆ ಊಟ ಇದ್ದರೂ ಇಲಿ ಉಪವಾಸ ಸಾಯುತ್ತದೆ. ಅಂದರೆ ‘ಬೇಕು’ ಅನ್ನಲು ಒಂದು ಜಾಗ, ‘ಸಾಕು’ ಅನ್ನಲು ಇನ್ನೊಂದು. ಆನಂದ್ ವಾಪಸ್ ಬಂದು, ಹೊಸದಾಗಿ ಶುರುವಾಗಿದ್ದ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗ ಕಟ್ಟಿದರು. ಹಸಿವಿನ ಸಂಶೋಧನೆ ಅಲ್ಲೂ ಮುಂದುವರಿಯಿತು. ಎರಡೇ ಸ್ವಿಚ್ ಅನ್ನುವ ಚಿತ್ರ ತೀರಾ ಸರಳ ಅಂತ ಆಮೇಲೆ ಗೊತ್ತಾಯಿತು, ಆದರೆ ದಾರಿ ತೋರಿಸಿದ್ದು ಅದೇ.

ಇನ್ನೂ ಎರಡು ಪ್ರಯೋಗಗಳನ್ನು ನೀವು ಮರೆಯಬಾರದು. ಒಂದು: ಗಾಯವಾದ ಇಲಿಗೆ ಪಕ್ಕದ ಆರೋಗ್ಯವಂತ ಇಲಿಯಷ್ಟೇ ಆಹಾರ ಅಳತೆ ಮಾಡಿ ಕೊಟ್ಟರೂ ಅದರ ಮೈಯಲ್ಲಿ ಹೆಚ್ಚು ಕೊಬ್ಬು ಸೇರುತ್ತಿತ್ತು. ಅಂದರೆ ಸಮಸ್ಯೆ ತಟ್ಟೆಯಲ್ಲಷ್ಟೇ ಇರಲಿಲ್ಲ. ಎರಡು: 1959ರಲ್ಲಿ ಇಂಗ್ಲೆಂಡಿನ ಹರ್ವಿ ಎರಡು ಇಲಿಗಳ ದೇಹವನ್ನು ರಕ್ತ ಹಂಚಿಕೊಳ್ಳುವ ಹಾಗೆ ಜೋಡಿಸಿ, ಒಂದರ ಹೈಪೋಥಲಾಮಸ್‌ಗೆ ಗಾಯ ಮಾಡಿದರು. ಅದು ಊದಿತು, ಜೊತೆಯದ್ದು ತಿನ್ನುವುದನ್ನು ಬಿಟ್ಟು ಸೊರಗಿತು. ಕೊಬ್ಬು “ಸಾಕು” ಅಂತ ರಕ್ತದ ಮೂಲಕ ಕೂಗುತ್ತಿತ್ತು. ಜೊತೆಯ ಇಲಿಗೆ ಅದು ಕೇಳಿಸಿತು, ಗಾಯವಾದದ್ದಕ್ಕೆ ಕೇಳಿಸಲಿಲ್ಲ. ಆ ಕೂಗಿನ ಮೂಲ ಸಿಕ್ಕಿದ್ದು 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ಜೀನ್ ಕಂಡುಹಿಡಿದಾಗ. ನನ್ನ ಗೆಳೆಯನ ಮಗಳ ರಕ್ತದಲ್ಲೂ ಲೆಪ್ಟಿನ್ ಧಾರಾಳವಾಗಿದೆ. ಕೇಳಿಸಿಕೊಳ್ಳುವ ಕಿವಿ ಇಲ್ಲ, ಅಷ್ಟೇ.

ಅಮ್ಮಂದಿರ ಮೇಲೆ ಬಂದ ಆರೋಪ

ಪ್ರಯೋಗಾಲಯ ಹೀಗೆ ಹೇಳುತ್ತಿದ್ದಾಗ ಆಸ್ಪತ್ರೆಗಳಲ್ಲಿ ಏನಾಗುತ್ತಿತ್ತು? ಫ್ರೋಲಿಷ್ ಹೆಸರು ಒಂದು ಲೇಬಲ್ ಆಗಿಬಿಟ್ಟಿತ್ತು. ದಪ್ಪಗಿರುವ ಹುಡುಗ ಕಂಡರೆ ಸಾಕು, ಗಡ್ಡೆ ಇರಲಿ ಬಿಡಲಿ, “ಫ್ರೋಲಿಷ್ ಸಿಂಡ್ರೋಮ್” ಅಂತ ಬರೆಯುತ್ತಿದ್ದರು. 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಹಿಲ್ಡೆ ಬ್ರುಕ್ ಅನ್ನುವ ವೈದ್ಯೆ ಇದನ್ನು ಪ್ರಶ್ನಿಸಿದರು. ನಾಜಿ ಜರ್ಮನಿ ಬಿಟ್ಟು ಬಂದಿದ್ದ ಯಹೂದಿ ಮಹಿಳೆ. ಈ ಮಕ್ಕಳನ್ನು ಅಳೆದು ನೋಡಿದರು: ಬಹುತೇಕರು ವಯಸ್ಸಿಗೆ ತಕ್ಕಷ್ಟು ಅಥವಾ ಹೆಚ್ಚೇ ಎತ್ತರ ಇದ್ದರು, ಪ್ರಾಯಕ್ಕೂ ಸರಿಯಾಗಿ ಬರುತ್ತಿದ್ದರು. ಗ್ರಂಥಿ ರೋಗ ಇರಲಿಲ್ಲ. ಲೇಬಲ್ ತಪ್ಪು ಅಂತ ಸಾಬೀತಾಯಿತು.

ಒಳ್ಳೆಯ ಕೆಲಸ ಅಲ್ವಾ? ಆದರೆ ಗ್ರಂಥಿ ಅಲ್ಲ ಅಂದ ಮೇಲೆ ಇನ್ನೊಂದು ಉತ್ತರ ಬೇಕಿತ್ತು. ಅದು ಮನೆಯೊಳಗೆ ಸಿಕ್ಕಿತು: ಕುಟುಂಬ, ಅದರಲ್ಲೂ ಅಮ್ಮ. ಅತಿಯಾಗಿ ತಿನ್ನಿಸುವ, ಮಗುವನ್ನು ಸೆರಗಿಗೆ ಕಟ್ಟಿಕೊಂಡಿರುವ ಅಮ್ಮ. 1940ರಿಂದ ಈ ವಿವರಣೆ ಬಲವಾಗುತ್ತಾ ಹೋಯಿತು. ನಿಜವಾಗಿ ಗಡ್ಡೆಯಿದ್ದ ಆ ಕೆಲವೇ ಮಕ್ಕಳು ಈ ಗುಂಪಿನಲ್ಲಿ ಕಳೆದುಹೋದರು. ಅವರ ಅಮ್ಮಂದಿರಿಗೂ ಅದೇ ಪ್ರಶ್ನೆ ಬಂತು: “ನೀವು ಫ್ರಿಜ್‌ಗೆ ಬೀಗ ಹಾಕಿದ್ದೀರಾ?” ಸರಾಸರಿ ಲೆಕ್ಕ ಸರಿಯಾಗಿದ್ದರೂ ಅಪರೂಪದವರಿಗೆ ಅನ್ಯಾಯ ಆಗಬಹುದು. ನನ್ನ ವೃತ್ತಿಯಲ್ಲಿ ನಾವು ಇದನ್ನು ದಿನಾ ಮಾಡುತ್ತೇವೆ.

ಬದುಕಿದ ಮೇಲೆ

ಇಷ್ಟು ವರ್ಷ ಈ ಮಕ್ಕಳ ತೂಕದ ಬಗ್ಗೆ ಯಾರೂ ಹೆಚ್ಚು ಯೋಚಿಸದೇ ಇದ್ದದ್ದಕ್ಕೆ ಒಂದು ಕಹಿ ಕಾರಣವಿದೆ. ಬಹಳಷ್ಟು ಮಕ್ಕಳು ಬದುಕುತ್ತಲೇ ಇರಲಿಲ್ಲ. 1950ರ ದಶಕದಲ್ಲಿ ಕಾರ್ಟಿಸೋನ್ ಕೈಗೆ ಬಂದ ಮೇಲೆ ಆಪರೇಷನ್ ಮುಗಿಸಿಕೊಂಡು ಮಗು ಮನೆಗೆ ಹೋಗುವುದು ಸಾಧ್ಯವಾಯಿತು. ಬೋಸ್ಟನ್‌ನ ಡೊನಾಲ್ಡ್ ಮ್ಯಾಟ್ಸನ್ 1960ರ ದಶಕದಲ್ಲಿ ಗಡ್ಡೆಯನ್ನು ಪೂರ್ತಿ ತೆಗೆಯಬೇಕು ಅಂತ ವಾದಿಸಿದರು. ಗಡ್ಡೆ ಉಳಿದರೆ ಮತ್ತೆ ಬೆಳೆಯುತ್ತೆ, ಹಾಗಾಗಿ ವಾದ ಸರಿಯೇ ಇತ್ತು. ಆಗ ಗೆಲುವು ಅಂದರೆ ಒಂದೇ: ಮಗು ಉಳಿಯಿತಾ, ಗಡ್ಡೆ ಹೋಯಿತಾ? ಮಗು ಶಾಲೆಯಲ್ಲಿ ಹೇಗಿದೆ, ಗೆಳೆಯರಿದ್ದಾರಾ, ಮಧ್ಯಾಹ್ನ ಯಾಕೆ ತೂಕಡಿಸುತ್ತೆ, ಇವಕ್ಕೆ ಕಾಲಂ ಇರಲಿಲ್ಲ.

ಆ ಕಾಲಂ ತುಂಬಿದವರಲ್ಲಿ ಜರ್ಮನಿಯವರು ಮುಖ್ಯ. ಹರ್ಮನ್ ಮ್ಯುಲ್ಲರ್ ನೇತೃತ್ವದಲ್ಲಿ 2001ರಲ್ಲಿ ಶುರುವಾದ ‘ಕ್ರಾನಿಯೋಫಾರಿಂಜಿಯೋಮ್ 2000’ ಅಧ್ಯಯನ ದೇಶದ ಹಲವು ಆಸ್ಪತ್ರೆಗಳ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಜೀವ ಉಳಿಯುವ ಪ್ರಮಾಣ ಚೆನ್ನಾಗಿತ್ತು. ಆದರೆ ಹೈಪೋಥಲಾಮಸ್‌ಗೆ ಪೆಟ್ಟಾದ ಮಕ್ಕಳಲ್ಲಿ ಬೊಜ್ಜು ಹೆಚ್ಚು, ಬದುಕಿನ ಗುಣಮಟ್ಟ ಕಡಿಮೆ. 2003ರಲ್ಲಿ ಬಂದ ಒಂದು ಜರ್ಮನ್ ವರದಿ ಇನ್ನೂ ಮುಖ್ಯ. ಈ ಮಕ್ಕಳು ಅಷ್ಟೇ ತೂಕದ ಬೇರೆ ಮಕ್ಕಳಿಗಿಂತ ಹೆಚ್ಚೇನೂ ತಿನ್ನುತ್ತಿರಲಿಲ್ಲ, ಅವರ ಓಡಾಟ ಮಾತ್ರ ಕಡಿಮೆ ಇತ್ತು.

ಸೋಮಾರಿತನ ಅಂತೀರಾ? ಅದೇ 2003ರಲ್ಲಿ ಅಮೆರಿಕದ ರಾಬರ್ಟ್ ಲಸ್ಟಿಗ್ ತಂಡ, ಇಂಥ ಮಕ್ಕಳ ಅತಿಯಾದ ಇನ್ಸುಲಿನ್ ಇಳಿಸಲು ಆಕ್ಟ್ರಿಯೋಟೈಡ್ ಅನ್ನುವ ಔಷಧಿ ಕೊಟ್ಟು ನೋಡಿತು. ತೂಕ ಏರುವುದು ನಿಧಾನವಾಯಿತು. ಇನ್ಸುಲಿನ್ ಇಳಿದ ಹಾಗೆ ಮಕ್ಕಳ ಬದುಕಿನ ಗುಣಮಟ್ಟವೂ ಸುಧಾರಿಸಿತು. ಓಡಲ್ಲ, ಹಾಗಾಗಿ ದಪ್ಪ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಬಾಣ ತಿರುಗಿದೆ: ದೇಹ ಬಂದ ಶಕ್ತಿಯನ್ನೆಲ್ಲ ಕೊಬ್ಬಾಗಿ ಕೂಡಿಡುತ್ತಿದೆ, ಹಾಗಾಗಿ ಓಡಲು ಶಕ್ತಿಯೇ ಉಳಿಯುತ್ತಿಲ್ಲ. “ಒಂದ್ ರೌಂಡ್ ಓಡಿ ಬಾ” ಅಂದಿದ್ದು ನೆನಪಾಗಿ ಈ ಜಾಗದಲ್ಲಿ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. ಆ ಔಷಧಿ ಎಲ್ಲರಿಗೂ ಕೊಡುವ ಚಿಕಿತ್ಸೆ ಆಗಲಿಲ್ಲ, ಆದರೆ ದಪ್ಪಗಿರುವುದು ಹಟದ ವಿಷಯ ಅಲ್ಲ ಅನ್ನೋದು ಸ್ಪಷ್ಟವಾಯಿತು.

ಆಪರೇಷನ್ ಮಾಡುವ ರೀತಿಯೂ ಬದಲಾಯಿತು. 2007ರಲ್ಲಿ ಪ್ಯಾರಿಸ್‌ನ ಸ್ಟೆಫನಿ ಪ್ಯುಜೆ ಮತ್ತು ಸಂಗಡಿಗರು, ಎಂ.ಆರ್.ಐ.ಯಲ್ಲಿ ಹೈಪೋಥಲಾಮಸ್ ಎಷ್ಟು ಸಿಕ್ಕಿಹಾಕಿಕೊಂಡಿದೆ ಅಂತ ನೋಡಿ ಅದಕ್ಕೆ ತಕ್ಕಂತೆ ಗಡ್ಡೆ ತೆಗೆಯುವ ಕ್ರಮ ಪ್ರಕಟಿಸಿದರು. ಅಂಟಿಕೊಂಡಿದ್ದರೆ ಆ ಭಾಗ ಬಿಟ್ಟು, ಉಳಿದದ್ದಕ್ಕೆ ರೇಡಿಯೇಷನ್. ಹೀಗೆ ಮಾಡಿದಾಗ ತೀವ್ರ ಬೊಜ್ಜು ಕಡಿಮೆಯಾಯಿತು. ಮ್ಯಾಟ್ಸನ್ ಕಾಲದಲ್ಲಿ ಸೋಲು ಅನ್ನಿಸಿಕೊಳ್ಳುತ್ತಿದ್ದ ಕೆಲಸ ಈಗ ವಿವೇಕ ಅನ್ನಿಸಿಕೊಂಡಿತು.

ಹೊಸ ಔಷಧಿಯೂ ಬರುತ್ತಿದೆ. ಲೆಪ್ಟಿನ್‌ನ ಮಾತು ಮುಂದೆ ಸಾಗುವ ನರದಾರಿಯನ್ನು ನೇರವಾಗಿ ಎಬ್ಬಿಸುವ ಸೆಟ್‌ಮೆಲನೋಟೈಡ್ ಬಗ್ಗೆ 2025ರಲ್ಲಿ ಫಲಿತಾಂಶ ಹೊರಬಂತು. 120 ರೋಗಿಗಳು, 52 ವಾರ. ಔಷಧಿ ಪಡೆದವರ ಬಿ.ಎಂ.ಐ. ಸರಾಸರಿ ಶೇ. 16.5ರಷ್ಟು ಇಳಿಯಿತು, ಪಡೆಯದವರದ್ದು ಶೇ. 3.3ರಷ್ಟು ಏರಿತು. ಎರ್ಡ್‌ಹೈಮ್ ಮಾತಿಗೂ ಈ ಫಲಿತಾಂಶಕ್ಕೂ ನಡುವೆ 121 ವರ್ಷ.

ನಿಮ್ಮಲ್ಲಿ ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವವರು ಈ ಬರಹದಿಂದ ಒಂದೇ ಪದ ಇಟ್ಟುಕೊಳ್ಳಿ ಅಂದರೆ, ‘ಸಾಕು’ ಇಟ್ಟುಕೊಳ್ಳಿ. ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ. ಒಂದು, ಇಷ್ಟಕ್ಕೆ ನಿಲ್ಲಿಸು. ಇನ್ನೊಂದು, ಸಾಕಿ ಬೆಳೆಸು.

ಮುಂದಿನ ಯುಗಾದಿ ಊಟದಲ್ಲಿ ನಾನು ಅವಳ ಹತ್ತಿರ ಹೋಗಿ ಸಾರಿ ಕೇಳಿದೆ. “ಅವತ್ತು ತಪ್ಪು ಮಾತಾಡ್ದೆ ಪುಟ್ಟಿ.” ಅವಳು “ಪರ್ವಾಗಿಲ್ಲ ಅಂಕಲ್, ಎಲ್ರೂ ಹಾಗೇ ಹೇಳ್ತಾರೆ” ಅಂದಳು. ಅವಳ ತಟ್ಟೆಗೆ ಎಷ್ಟು ಹಾಕಬೇಕು ಅಂತ ಅವಳಮ್ಮ ಮೊದಲೇ ಅಳತೆ ಮಾಡಿ ಡಬ್ಬಿಯಲ್ಲಿ ತಂದಿದ್ದರು. ನಾನು ಬಡಿಸುವುದನ್ನು ಬೇರೆಯವರಿಗೆ ಬಿಟ್ಟು, ನನ್ನ ತಟ್ಟೆ ತಗೊಂಡು ಅವಳ ಪಕ್ಕ ಕೂತು ಊಟ ಮಾಡಿದೆ. ಅವಳು ಬಿಡಿಸುವ ಚಿತ್ರಗಳ ಬಗ್ಗೆ ಮಾತಾಡಿದೆವು. ಊಟದ ಬಗ್ಗೆ ಒಂದು ಮಾತೂ ಬರಲಿಲ್ಲ.